ಬೆಂಗಳೂರಿನಿಂದ ಲಂಡನ್ನಿಗೆ ಎಷ್ಟು ದೂರ, ಎಷ್ಟು ಹೊತ್ತು?



ನಮ್ಮ ಕಡೆಯ ಗುಲಾಬಿ ಹೂವು ಬೆಂಗಳೂರಿನ ವಿಮಾನ ನಿಲ್ದಾಣದಿಂದ ಹೊರದೇಶಗಳಿಗೆ ಹೋಗುತ್ತದೆ. ಹಳ್ಳಿಯ ಮಕ್ಕಳೂ ಓದಿಗೆ, ಕೆಲಸಕ್ಕೆ ಹೋಗುತ್ತಾರೆ. ಆದುದರಿಂದ ವಿಮಾನದ ದೂರವನ್ನೂ ಕಾಲವನ್ನೂ ಲೆಕ್ಕ ಹಾಕುವ ಬಗೆ ನಮಗೂ ತಿಳಿದಿರಬೇಕು. ಬೆಂಗಳೂರು–ಲಂಡನ್ ದಾರಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ.

ದೂರದ ಲೆಕ್ಕ

ಈ ಎರಡು ನಿಲ್ದಾಣಗಳ ನಡುವಣ ದೂರ ಸುಮಾರು 8,000 ಕಿಲೋಮೀಟರು. ಇದನ್ನು ಗೋಡೆಯ ನಕ್ಷೆಯ ಮೇಲೆ ಅಳತೆಕೋಲಿಟ್ಟು ತಿಳಿಯಲಾಗದು. ಏಕೆಂದರೆ ಭೂಮಿ ದುಂಡಗಿದೆ. ಶಾಲೆಯಲ್ಲಿರುವ ಗೋಳದ ಮೇಲೆ ಒಂದು ಊರಿನಿಂದ ಇನ್ನೊಂದಕ್ಕೆ ದಾರವನ್ನು ಬಿಗಿಯಾಗಿ ಹಿಡಿದು ನೋಡಿರಿ. ದಾರ ಕೂತ ಜಾಡೇ ಹತ್ತಿರದ ದಾರಿ. ಅದನ್ನೇ ನಕ್ಷೆಯ ಮೇಲೆ ಬರೆದರೆ ಉತ್ತರಕ್ಕೆ ಬಾಗಿದ ಬಿಲ್ಲಿನಂತೆ ಕಾಣುತ್ತದೆ. ನಡುವಿನ ಯಾವುದಾದರೂ ದೇಶ ತನ್ನ ಆಕಾಶಮಾರ್ಗವನ್ನು ಮುಚ್ಚಿದ್ದರೆ ವಿಮಾನ ಬಳಸಿಕೊಂಡು ಹೋಗಬೇಕಾಗಿ ದೂರ ಹೆಚ್ಚುತ್ತದೆ.

ಕಾಲದ ಲೆಕ್ಕ

ದೊಡ್ಡ ವಿಮಾನ ಗಂಟೆಗೆ ಸುಮಾರು 850 ಕಿಲೋಮೀಟರು ಹಾರುತ್ತದೆ. 8,000ವನ್ನು 850ರಿಂದ ಭಾಗಿಸಿದರೆ ಸುಮಾರು ಒಂಬತ್ತೂವರೆ ಗಂಟೆ. ಆದರೆ ಏರುವಾಗ, ಇಳಿಯುವಾಗ ವೇಗ ಕಡಿಮೆ. ಅಲ್ಲದೆ ಸುಮಾರು 10 ಕಿಲೋಮೀಟರು ಎತ್ತರದಲ್ಲಿ, ಉತ್ತರದ ನಾಡುಗಳ ಮೇಲೆ, ಪಶ್ಚಿಮದಿಂದ ಪೂರ್ವಕ್ಕೆ ಬಲವಾದ ಗಾಳಿ ಬೀಸುತ್ತದೆ. ಹೋಗುವಾಗ ಅದು ಎದುರುಗಾಳಿ. ಹತ್ತೂವರೆ, ಹನ್ನೊಂದು ಗಂಟೆ ಬೇಕು. ಬರುವಾಗ ಅದೇ ಗಾಳಿ ಹಿಂದಿನಿಂದ ನೂಕುವುದರಿಂದ ಸುಮಾರು ಹತ್ತು ಗಂಟೆ ಸಾಕು.

ಗಡಿಯಾರದ ತೊಡಕು

ವಿಮಾನ ಬೆಳಿಗ್ಗೆ 7ಕ್ಕೆ ಬೆಂಗಳೂರು ಬಿಟ್ಟು ಮಧ್ಯಾಹ್ನ 12-30ಕ್ಕೆ ಲಂಡನ್ ಸೇರಿತೆಂದು ಟಿಕೆಟ್ಟಿನಲ್ಲಿದ್ದರೆ, ಐದೂವರೆ ಗಂಟೆಯ ಪಯಣವೆಂದು ತಿಳಿಯಬಾರದು. ಟಿಕೆಟ್ಟಿನಲ್ಲಿ ಆಯಾ ಊರಿನ ವೇಳೆ ಇರುತ್ತದೆ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ. ನಮ್ಮ ವೇಳೆ 82½ ಡಿಗ್ರಿ ಪೂರ್ವ ರೇಖಾಂಶದ್ದು. ಲಂಡನ್ನಿನದು ಸೊನ್ನೆ ಡಿಗ್ರಿಯದು. 82½ನ್ನು 15ರಿಂದ ಭಾಗಿಸಿದರೆ ಐದೂವರೆ ಗಂಟೆ. ಅಷ್ಟು ನಾವು ಮುಂದು. ಬೇಸಗೆಯಲ್ಲಿ ಅವರು ಗಡಿಯಾರವನ್ನು ಒಂದು ಗಂಟೆ ಮುಂದಿಡುವುದರಿಂದ ಅಂತರ ನಾಲ್ಕೂವರೆ ಗಂಟೆ. ಮೇಲಿನ ವೇಳೆ ಚಳಿಗಾಲದ್ದಾದರೆ, ಅಲ್ಲಿ 12-30 ಆದಾಗ ಇಲ್ಲಿ ಸಂಜೆ 6. ನಿಜವಾದ ಪಯಣ 11 ಗಂಟೆ.

ರೈತನ ಕೈಯಲ್ಲಿರುವ ಹೊತ್ತು

ಹೂವಿಗೆ ಈ 11 ಗಂಟೆ ಒಂದು ಭಾಗ ಮಾತ್ರ. ಕೊಯ್ಲು, ಕಟ್ಟು, ಲಾರಿ, ತಪಾಸಣೆ, ವಿಮಾನಕ್ಕೆ ಕಾಯುವುದು, ಆ ಕಡೆಯ ಸಾಗಣೆ, ಎಲ್ಲವನ್ನೂ ಕೂಡಿಸಬೇಕು. ವಿಮಾನದ ಗಂಟೆಗಳನ್ನು ನಾವು ಕಡಿಮೆ ಮಾಡಲಾರೆವು. ತೋಟದ ಗಂಟೆಗಳು ನಮ್ಮವು. ತಂಪು ಹೊತ್ತಿನಲ್ಲಿ ಕೊಯ್ಯಿರಿ. ಕೂಡಲೇ ಕಾಂಡವನ್ನು ಶುದ್ಧ ನೀರಿನಲ್ಲಿಡಿರಿ. ಬಿಸಿಲಿಗೆ ಬಿಡದೆ 2ರಿಂದ 4 ಡಿಗ್ರಿ ಸೆಲ್ಸಿಯಸ್ ಇರುವ ಶೀತಲ ಕೋಣೆಗೆ ಸೇರಿಸಿರಿ. ತೋಟದಲ್ಲೇ ಬಾಡಿದ ಹೂವನ್ನು ಯಾವ ವಿಮಾನವೂ ಅರಳಿಸಲಾರದು.

ಅಭ್ಯಾಸ

ಚಳಿಗಾಲದಲ್ಲಿ ನಿಮ್ಮ ಮಗ ಸೋಮವಾರ ಮಧ್ಯಾಹ್ನ 2ಕ್ಕೆ ಲಂಡನ್ ಬಿಡುತ್ತಾನೆ. ಪಯಣ 10 ಗಂಟೆ. ಕರೆತರಲು ಎಂದು ಹೋಗಬೇಕು? (ಉತ್ತರ: ಮಂಗಳವಾರ ಬೆಳಗಿನ ಜಾವ 5-30ಕ್ಕೆ ವಿಮಾನ ಇಳಿಯುತ್ತದೆ. ಹಳ್ಳಿಯಿಂದ ಸೋಮವಾರ ರಾತ್ರಿಯೇ ಹೊರಡುವುದು ಲೇಸು.)