ಸಮನ್ಸ್ ಬಂದರೆ ಗಲ್ಲಾದ ಕೆಳಗೆ ಇಡಬೇಡಿ



ನಾವು ಎಸ್ಸೆಸ್ಸೆಲ್ಸಿವರೆಗೆ ಓದಿದವರು, ವಕೀಲರಲ್ಲ. ಆದರೂ ಕೋರ್ಟಿನ ಮೆಟ್ಟಿಲು ಹತ್ತಿ ಕಲಿತ ಒಂದು ಪಾಠವನ್ನು ನಿಮ್ಮ ಮುಂದೆ ಇಡುತ್ತಿದ್ದೇವೆ.

2013ರಲ್ಲಿ ಕಿರಾಣಿ ಸಪ್ಲಾಯರ್ ಒಬ್ಬರು 4 ಲಕ್ಷ ರೂಪಾಯಿ ಬಾಕಿ ಇದೆಯೆಂದು ನಮ್ಮ ಪಾಲುದಾರಿಕೆಯ ಹೋಟೆಲಿನ ಮೇಲೆ ದಾವೆ ಹೂಡಿದರು. ಅದರಲ್ಲಿ ಬಹುಪಾಲು ನಾವು ಕೊಟ್ಟಾಗಿತ್ತು, ರಶೀದಿಯೂ ಇತ್ತು. ಸಮನ್ಸ್ ಬಂದಾಗ ನಾವು ಊರಿನಲ್ಲಿ ತಾಯಿಯವರ ಆಸ್ಪತ್ರೆ ಓಡಾಟದಲ್ಲಿದ್ದೆವು. ಮ್ಯಾನೇಜರ್ ಸಹಿ ಹಾಕಿ, ಲಕೋಟೆಯನ್ನು ಲೈಟ್ ಬಿಲ್ಲುಗಳ ಜೊತೆ ಗಲ್ಲಾದ ಕೆಳಗೆ ಇಟ್ಟರು. ಅದು ನಮ್ಮ ಕೈಗೆ ಸಿಗುವಾಗ 140 ದಿನ ಕಳೆದಿತ್ತು. "ಸಹಿ ಹಾಕಿದ್ದು ನಾವಲ್ಲ" ಎಂಬ ಮಾತು ನಡೆಯಲಿಲ್ಲ. ಪಾಲುದಾರಿಕೆ ಸಂಸ್ಥೆಯ ಮುಖ್ಯ ಸ್ಥಳದಲ್ಲಿ ಉಸ್ತುವಾರಿ ನೋಡುವವರ ಕೈಗೆ ಕೊಟ್ಟರೂ ಸಮನ್ಸ್ ಜಾರಿಯಾದಂತೆಯೇ.

ದಾವೆಗೆ ಪ್ರತಿವಾದಿ ಕೊಡುವ ಉತ್ತರಕ್ಕೆ ಲಿಖಿತ ಹೇಳಿಕೆ ಎನ್ನುತ್ತಾರೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 8ನೇ ಆದೇಶದ 1ನೇ ನಿಯಮದಂತೆ ಅದನ್ನು ಸಮನ್ಸ್ ಮುಟ್ಟಿದ 30 ದಿನದೊಳಗೆ ಸಲ್ಲಿಸಬೇಕು. ಕೋರ್ಟು ಕಾರಣ ಬರೆದು 90 ದಿನದವರೆಗೆ ಬಿಡಬಹುದು. ಇದು 2002ರ ತಿದ್ದುಪಡಿ. ಸಲ್ಲಿಸದಿದ್ದರೆ ವಾದಿಯ ಸಾಕ್ಷಿಗೆ ಅಡ್ಡಪ್ರಶ್ನೆ ಹಾಕಬಹುದು, ಆದರೆ ನಮ್ಮ ಕಡೆಯ ಸಂಗತಿ ಹೇಳುವ ದಾರಿ ಮುಚ್ಚಿಹೋಗುತ್ತದೆ. ರಶೀದಿ ಕಪಾಟಿನಲ್ಲೇ ಉಳಿಯುತ್ತದೆ.

90 ದಿನ ದಾಟಿದರೆ ಎಲ್ಲಾ ಮುಗಿಯಿತೇ? ಇಲ್ಲ. 2005ರಲ್ಲಿ ಕೈಲಾಶ್ ವಿರುದ್ಧ ನನ್ಹ್ಕು ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ನ್ಯಾಯ ದೊರಕಿಸುವುದಕ್ಕಾಗಿ ಇರುವ ಈ ನಿಯಮ ಪ್ರತಿವಾದಿಯ ಬಾಯಿ ಕಟ್ಟುವುದಕ್ಕಲ್ಲ ಎಂಬ ಅರ್ಥದಲ್ಲಿ ತೀರ್ಪು ಕೊಟ್ಟಿತು. ಆದರೆ ಈ ವಿವೇಚನಾಧಿಕಾರವನ್ನು ನಿಜವಾದ ಕಷ್ಟದ ಪ್ರಕರಣಗಳಲ್ಲಿ ಮಾತ್ರ ಬಳಸಬೇಕು ಎಂದೂ ಸೇಲಂ ವಕೀಲರ ಸಂಘದ ಪ್ರಕರಣದಲ್ಲಿ ಅದೇ ವರ್ಷ ಸ್ಪಷ್ಟಪಡಿಸಿತು.

ನಮ್ಮ ವಕೀಲರು ಆಸ್ಪತ್ರೆಯ ಕಾಗದ, ರೈಲು ಟಿಕೆಟ್, ರಶೀದಿ ಎಲ್ಲವನ್ನೂ ಅರ್ಜಿಗೆ ಲಗತ್ತಿಸಿದರು. ವಿಷಯ ಗೊತ್ತಾದ ನಾಲ್ಕನೇ ದಿನವೇ ಅರ್ಜಿ ಹಾಕಿದ್ದೂ ನಮಗೆ ನೆರವಾಯಿತು. ಎದುರು ಪಕ್ಷಕ್ಕೆ 10,000 ರೂಪಾಯಿ ಕೊಡಬೇಕೆಂಬ ಷರತ್ತಿನ ಮೇಲೆ ನಮ್ಮ ಉತ್ತರವನ್ನು ಸ್ವೀಕರಿಸಿದರು.

ಇಂದಾಗಿದ್ದರೆ? ನಾವು ಸೋಲುತ್ತಿದ್ದೆವು. ಇದನ್ನೇ ಹೇಳಲು ಈ ಲೇಖನ. ವಾಣಿಜ್ಯ ನ್ಯಾಯಾಲಯಗಳ ಕಾನೂನು 2015ರಲ್ಲಿ ಬಂತು. 2018ರಿಂದ ಅದರ ಮಿತಿ 1 ಕೋಟಿಯಿಂದ 3 ಲಕ್ಷ ರೂಪಾಯಿಗೆ ಇಳಿಯಿತು. ವ್ಯಾಪಾರಿಗಳ ನಡುವಿನ ಸರಕಿನ ಬಾಕಿ, ಪಾಲುದಾರಿಕೆಯ ಕರಾರು, ವ್ಯಾಪಾರಕ್ಕೇ ಬಳಸುವ ಜಾಗದ ಕರಾರು ಇದರೊಳಗೆ ಬರುತ್ತವೆ. ಇಲ್ಲಿ ಕೊನೆಯ ಗಡುವು 120 ದಿನ. ಅದು ದಾಟಿದರೆ ನ್ಯಾಯಾಧೀಶರಿಗೆ ಮನಸ್ಸಿದ್ದರೂ ಅಧಿಕಾರವಿಲ್ಲ ಎಂದು 2019ರಲ್ಲಿ ಎಸ್‌ಸಿಜಿ ಕಾಂಟ್ರಾಕ್ಟ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ನಮ್ಮ 140 ದಿನಕ್ಕೆ ಅಲ್ಲಿ ಕ್ಷಮೆ ಇಲ್ಲ.

ಗಿರಾಕಿ ಗ್ರಾಹಕರ ಆಯೋಗಕ್ಕೆ ದೂರು ಕೊಟ್ಟರೆ ಗಡುವು ಇನ್ನೂ ಚಿಕ್ಕದು. 30 ದಿನ, ಹೆಚ್ಚೆಂದರೆ ಮತ್ತೆ 15. ಅದರಾಚೆ ಬಿಡುವಂತಿಲ್ಲ ಎಂದು 2020ರಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ತೀರ್ಮಾನಿಸಿದೆ.

ಆದುದರಿಂದ ನಮ್ಮ ಸಲಹೆ ಇಷ್ಟೇ:

1. ಕೋರ್ಟಿನ ಲಕೋಟೆ ಯಾರ ಕೈಗೆ ಬಂದರೂ ಅದರ ಮೇಲೆ ತಾರೀಖು ಬರೆದು ಅಂದೇ ಮಾಲಕರಿಗೆ ಫೋನ್ ಮಾಡಬೇಕೆಂದು ಮ್ಯಾನೇಜರಿಗೂ ಕ್ಯಾಶಿಯರಿಗೂ ತಾಕೀತು ಮಾಡಿ.

2. ವಕೀಲರನ್ನು ಮೊದಲು ಕೇಳಬೇಕಾದ ಪ್ರಶ್ನೆ: "ಇದು ಸಾಮಾನ್ಯ ದಾವೆಯೋ, ವಾಣಿಜ್ಯ ದಾವೆಯೋ, ಗ್ರಾಹಕ ದೂರೋ?"

3. "ತಾರೀಖು ಸಿಗುತ್ತದೆ ಬಿಡಿ" ಎಂಬ ಮಾತಿಗೆ ಸುಮ್ಮನಾಗಬೇಡಿ. ಬಿಲ್ಲು, ರಶೀದಿ, ಬ್ಯಾಂಕ್ ಪಾಸ್‌ಬುಕ್ ಮೊದಲ ವಾರವೇ ಕೊಡಿ.

4. ತಡವಾಗಿದ್ದರೆ ಮುಚ್ಚಿಡಬೇಡಿ. ತಡವಾದ ಕಾರಣವನ್ನು ದಾಖಲೆ ಸಮೇತ ಹೇಳಿ.

ಹಾಲು ಒಲೆಯ ಮೇಲಿಟ್ಟು ಊರಿಗೆ ಹೋಗುವವರು ನಮ್ಮಲ್ಲಿ ಯಾರೂ ಇಲ್ಲ. ಸಮನ್ಸನ್ನೂ ಹಾಗೆಯೇ ಕಾಣಿ.