ಹಳೇ ಸಣ್ಣ ಟ್ರ್ಯಾಕ್ಟರ್: ಬಣ್ಣ ನೋಡಿ ಬೆಲೆ ಕಟ್ಟಬೇಡಿ

ಕಮ್ಮರಡಿ, ಹರಿಹರಪುರ ಸುತ್ತಿನ ಅಡಿಕೆ ತೋಟಗಳಿಗೆ ದೊಡ್ಡ ಟ್ರ್ಯಾಕ್ಟರ್ ಇಳಿಯುವುದು ಕಷ್ಟ; ಹೊಸ ಮಿನಿ ಟ್ರ್ಯಾಕ್ಟರ್ ಎಲ್ಲರ ಕೈಗೆ ಎಟುಕದು. ಎಚ್‌ಎಂಟಿ 2511, ಐಷರ್ 241, ಮಿತ್ಸುಬಿಷಿ ಶಕ್ತಿ ಎಂಟಿ180ಡಿಯಂಥ ಹಳೇ ಗಾಡಿ ಕೊಳ್ಳುವ ಯೋಚನೆಯಿದ್ದರೆ ಈ ಕ್ರಮದಲ್ಲಿ ನೋಡಿ.

1. ಮೊದಲು ದಾರಿ ಅಳೆಯಿರಿ
ಅಡಿಕೆ ಮರಗಳ ನಡುವೆ 9 ಅಡಿ ಅಂತರವಿದ್ದರೂ ಬಸಿಗಪ್ಪು, ಸಂಕ, ತಿರುವುಗಳು ಗಾಡಿಯನ್ನು ತಡೆಯುತ್ತವೆ. ಅತಿ ಕಿರಿದಾದ ಜಾಗ ಅಳೆದು, ಟ್ರೈಲರ್ ಸಮೇತ ತಿರುಗೀತೇ ಎಂದು ಲೆಕ್ಕ ಹಾಕಿ. ಎಂಟಿ180ಡಿಗೆ ನಾಲ್ಕೂ ಚಕ್ರಕ್ಕೆ ಎಳೆತವಿದೆ. ಒದ್ದೆ ಏರಿನಲ್ಲಿ ಅದು ಅನುಕೂಲ.

2. ದಾಖಲೆ
ಆರ್‌ಸಿಯಲ್ಲಿರುವ ಚಾಸಿ, ಎಂಜಿನ್ ನಂಬರ್‌ಗಳನ್ನು ಗಾಡಿಯ ಮೇಲಿರುವುದರೊಂದಿಗೆ ಹೋಲಿಸಿ. ನೋಂದಣಿಗೆ 15 ವರ್ಷ ತುಂಬಿದ್ದರೆ ನವೀಕರಣವಾಗಿದೆಯೇ ಕೇಳಿ. ಸಾಲದ ನಮೂದಿದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರಂ 35, ಹೆಸರು ವರ್ಗಾವಣೆಗೆ ಫಾರಂ 29 ಮತ್ತು 30 ಬೇಕು. ಟ್ರೈಲರ್‌ಗೆ ಬೇರೆಯೇ ಆರ್‌ಸಿ ಇರುತ್ತದೆ.

3. ಎಂಜಿನ್ ತಣ್ಣಗಿರುವಾಗಲೇ ಹೋಗಿ
ನೀವು ಹೋಗುವ ಮೊದಲು ಸ್ಟಾರ್ಟ್ ಮಾಡಬೇಡಿ ಎಂದು ಹೇಳಿಡಿ. ಆಯಿಲ್ ಹಾಲು ಬೆರೆಸಿದಂತಿದ್ದರೆ ಅದಕ್ಕೆ ನೀರು ಸೇರಿದೆ. ಬಿಸಿಯಾದ ಮೇಲೂ ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಎಳೆಯುವಾಗ ಕಪ್ಪು ಹೊಗೆ ಜಾಸ್ತಿಯಾದರೆ ಏರ್ ಫಿಲ್ಟರ್, ಇಂಜೆಕ್ಟರ್ ನೋಡಿಸಿ. ಬ್ರೀದರ್‌ನಿಂದ ರಭಸವಾಗಿ ಹೊಗೆ ನುಗ್ಗಿದರೆ ಪಿಸ್ಟನ್, ರಿಂಗ್ ಸವೆದಿರಬಹುದು. ಐಷರ್ 241ರದು ಗಾಳಿಯಿಂದ ತಣಿಯುವ ಒಂಟಿ ಸಿಲಿಂಡರ್, ರೇಡಿಯೇಟರ್ ಇಲ್ಲ. ಅದರ ಫಿನ್‌ಗಳಲ್ಲಿ ಧೂಳು, ಆಯಿಲ್ ಕಟ್ಟಿದೆಯೇ ನೋಡಿ. ಗಂಟೆ ಮೀಟರ್ ಕೆಟ್ಟು ನಿಂತಿರಬಹುದು. ಪೆಡಲ್, ಸ್ಟೇರಿಂಗ್ ಸವೆತ ನೋಡಿದರೆ ದುಡಿಮೆ ತಿಳಿಯುತ್ತದೆ.

4. ಭಾರ ಹಾಕಿ ಏರು ಹತ್ತಿಸಿ
ಸಪಾಟು ಅಂಗಳದಲ್ಲಿ ಎಲ್ಲ ಗಾಡಿಯೂ ಚೆನ್ನಾಗಿಯೇ ಓಡುತ್ತದೆ. ಹಗುರ ಲೋಡಿನೊಂದಿಗೆ ಏರಿನಲ್ಲಿ ಗೇರ್ ಹಾರುತ್ತದೆಯೇ, ಕ್ಲಚ್ ಜಾರುತ್ತದೆಯೇ ಗಮನಿಸಿ. ಎರಡೂ ಬ್ರೇಕ್ ಸಮನಾಗಿ ಹಿಡಿಯದ ಗಾಡಿ ನಮ್ಮ ಇಳಿಜಾರಿಗೆ ಅಪಾಯ. ರೋಟವೇಟರ್ ಎತ್ತಿ ಎಂಜಿನ್ ಆಫ್ ಮಾಡಿ. ಬೇಗ ಇಳಿದುಬಿಟ್ಟರೆ ಲಿಫ್ಟ್‌ಗೆ ರಿಪೇರಿ ಬೇಕು. ಇಳಿಯುವ ರೋಟವೇಟರ್ ಕೆಳಗೆ ಕೈ, ಕಾಲು ಇಡಬೇಡಿ.

5. ಕೆಸರು, ತುಕ್ಕು
ಗದ್ದೆ ಹೂಟಿ ಮಾಡಿದ ಗಾಡಿಯ ಆಕ್ಸಲ್ ಸೀಲ್ ದಾಟಿ ಕೆಸರುನೀರು ಒಳಗಿಳಿದಿರಬಹುದು. ಗೇರ್ ಆಯಿಲ್ ಸ್ವಲ್ಪ ತೆಗೆಸಿ ನೋಡಿ. ರಿಮ್, ಮಡ್‌ಗಾರ್ಡ್ ಒಳಭಾಗ ತಟ್ಟಿ ನೋಡಿ. ಮುಂದಿನ ಚಕ್ರ ಜಾಕಿಯಲ್ಲಿ ಎತ್ತಿ ಅಲ್ಲಾಡಿಸಿದರೆ ಕಿಂಗ್‌ಪಿನ್ ಸವೆತ ಗೊತ್ತಾಗುತ್ತದೆ.

6. ಬಿಡಿಭಾಗ
ಎಚ್‌ಎಂಟಿ ಟ್ರ್ಯಾಕ್ಟರ್ ವಿಭಾಗ ಮುಚ್ಚಲು ಕೇಂದ್ರ ಸಂಪುಟ 2016ರಲ್ಲಿ ಒಪ್ಪಿತು; ಹಾಗಾಗಿ ಅದರ ಭಾಗಗಳು ಸುಲಭವಾಗಿ ಸಿಗದಿರಬಹುದು. ಕೊಪ್ಪ, ಶೃಂಗೇರಿ, ತೀರ್ಥಹಳ್ಳಿಯ ಮೆಕ್ಯಾನಿಕ್‌ಗಳನ್ನು ಕೇಳಿ, ಭಾಗ ಸಿಗುವುದು ಖಾತ್ರಿಯಾದರೆ ಮಾತ್ರ ಮುಂದುವರಿಯಿರಿ.

7. ಬೆಲೆ
ಅದೇ ಮಾದರಿಯ ಸುಸ್ಥಿತಿಯ ಎರಡು ಮೂರು ಗಾಡಿ ಆಸುಪಾಸಿನಲ್ಲಿ ಎಷ್ಟಕ್ಕೆ ಹೋದವು ಎಂದು ವಿಚಾರಿಸಿ. ಅದರಲ್ಲಿ ಟಯರ್, ಎಂಜಿನ್, ಲಿಫ್ಟ್, ದಾಖಲೆ ಖರ್ಚು ಕಳೆಯಿರಿ. ಉಳಿದದ್ದೇ ನೀವು ಕೊಡಬಹುದಾದ ಗರಿಷ್ಠ ದರ. 2025ರ ಸೆಪ್ಟೆಂಬರ್ 22ರಿಂದ ಹೊಸ ಟ್ರ್ಯಾಕ್ಟರ್‌ಗಳ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಹಳೇ ಗಾಡಿಯ ಚೌಕಾಸಿಯಲ್ಲಿ ಇದನ್ನೂ ಎತ್ತಿ. ವರ್ಷಕ್ಕೆ ಕೆಲವೇ ದಿನದ ಉಳುಮೆ ಇರುವವರು ಕೃಷಿ ಯಂತ್ರಧಾರೆ ಕೇಂದ್ರದ ಬಾಡಿಗೆ ದರವನ್ನು ಪಕ್ಕದಲ್ಲಿಟ್ಟು ನೋಡಬೇಕು. ಗೊಬ್ಬರ, ಸೊಪ್ಪು, ಅಡಿಕೆ ಗೊನೆ ಸಾಗಿಸಲು ವರ್ಷವಿಡೀ ದುಡಿದರಷ್ಟೇ ಸ್ವಂತ ಗಾಡಿ ಲಾಭ.