ಅಮೆರಿಕದ ಹಳೆಯ ಮನೆಗಳ ಹೊರಮೈ

ಅಮೆರಿಕದ ಕಾದಂಬರಿಗಳನ್ನು ಓದುವಾಗ ‘ಸಾಲ್ಟ್‌ಬಾಕ್ಸ್’, ‘ಗ್ರೀಕ್ ರಿವೈವಲ್’, ‘ಬಂಗಲೋ’ ಎಂದು ಮನೆಗಳ ಬಗೆ ಹೇಳುವುದುಂಟು. ತಿಳಿಯದಿದ್ದರೂ ಕಥೆ ಸಾಗುತ್ತದೆಂದು ನಾವು ಪುಟ ಮಗುಚುತ್ತೇವೆ. ಆದರೆ ಮಾಡು, ಹೊಗೆಗೂಡು, ಕಂಬ ಈ ಮೂರನ್ನು ನೋಡಲು ಕಲಿತರೆ ಸಾಕು. ಮನೆಯವರು ಯಾವುದಕ್ಕೆ ಅಂಜಿದರು, ಏನನ್ನು ಮೆರೆಸಬಯಸಿದರು ಎಂಬುದು ಬಾಗಿಲು ತಟ್ಟದೆಯೇ ತಿಳಿಯುತ್ತದೆ.

ಈಶಾನ್ಯದ ನ್ಯೂ ಇಂಗ್ಲೆಂಡ್ ಹಿಮ ಬೀಳುವ ನಾಡು. 17ನೆಯ ಶತಮಾನದಲ್ಲಿ ಅಲ್ಲಿ ನೆಲೆಸಿದ ಇಂಗ್ಲಿಷರು ಮರದ ಚೌಕಟ್ಟು ನಿಲ್ಲಿಸಿ, ಒಂದರ ಅಂಚು ಇನ್ನೊಂದರ ಮೇಲೆ ಬರುವಂತೆ ಹಲಗೆ ಹೊಡೆದರು, ನೀರು ಒಳಗಿಳಿಯದು. ಹೊಗೆಗೂಡು ಮನೆಯ ನಟ್ಟನಡುವೆ, ಕಾವು ಸುತ್ತಲ ಕೋಣೆಗಳಿಗೆಲ್ಲ ಹಂಚಿಹೋಗಲೆಂದು. ಸೆಕೆಯ ದಕ್ಷಿಣದಲ್ಲಿ ಅದೇ ಹೊಗೆಗೂಡನ್ನು ಕೊನೆಯ ಗೋಡೆಗೆ ತಳ್ಳಿದರು. ಉತ್ತರದವರಿಗೆ ಮನೆ ಸಾಲದಾದಾಗ ಹಿಂದೆ ಒಂದು ಸಾಲು ಕೋಣೆ ಸೇರಿಸಿ, ಮಾಡನ್ನೇ ಕೆಳಕ್ಕೆ ಇಳಿಬಿಟ್ಟರು. ಮುಂದೆ ಎರಡು ಅಂತಸ್ತು, ಹಿಂದೆ ಒಂದೇ. ಇಳಿಜಾರು ಮುಚ್ಚಳದ ಉಪ್ಪಿನ ಪೆಟ್ಟಿಗೆಯನ್ನು ಹೋಲುವುದರಿಂದ ‘ಸಾಲ್ಟ್‌ಬಾಕ್ಸ್’ ಎಂಬ ಹೆಸರು. ಮಸಾಚುಸೆಟ್ಸ್‌ನ ಡೆಡಮ್ ಊರಿನಲ್ಲಿ ಸುಮಾರು 1640ರ ಫೇರ್‌ಬ್ಯಾಂಕ್ಸ್ ಮನೆ ಇಂದಿಗೂ ನಿಂತಿದೆ.

18ನೆಯ ಶತಮಾನದ ಜಾರ್ಜಿಯನ್ ಮನೆಯ ಗುರುತು ಸುಲಭ. ನಡುವೆ ಬಾಗಿಲು, ಎಡಬಲಕ್ಕೆ ತೂಕ ಮಾಡಿ ಇಟ್ಟಂಥ ಕಿಟಕಿಗಳು. ಕೊಂಚ ಬಿಗುಮಾನದ ಮುಖವೆನ್ನಬೇಕು.

ಇನ್ನು ಕಂಬ. 1821ರಲ್ಲಿ ಗ್ರೀಕರು ತುರ್ಕಿಯ ಆಳ್ವಿಕೆಯ ವಿರುದ್ಧ ಎದ್ದರು. ಅಮೆರಿಕದವರ ಮನಸ್ಸು ಅವರ ಕಡೆಗೆ ಹರಿಯಿತು. ಪ್ರಜಾಪ್ರಭುತ್ವದ ತವರೆಂಬ ಅಭಿಮಾನ ಬೇರೆ. ಮುಂದಿನ ಮೂರು ದಶಕ ಬ್ಯಾಂಕು, ಕೋರ್ಟು, ಮನೆ ಎಲ್ಲಕ್ಕೂ ಗ್ರೀಕ್ ದೇಗುಲದ ವೇಷ. ಮಾಡಿನ ತ್ರಿಕೋನವನ್ನು ಬೀದಿಗೆ ತಿರುಗಿಸಿ, ಮರದ ಕಂಬಗಳಿಗೆ ಅಮೃತಶಿಲೆಯಂತೆ ಕಾಣಲೆಂದು ಬಿಳಿ ಬಣ್ಣ ಬಳಿದರು. (ನಿಜವಾದ ಗ್ರೀಕ್ ದೇಗುಲಗಳಿಗೆ ಕೆಂಪು, ನೀಲಿ ಬಣ್ಣಗಳಿದ್ದವು!) ದಕ್ಷಿಣದ ಲೂಯಿಸಿಯಾನದಲ್ಲಿ 1839ರಲ್ಲಿ ಮುಗಿದ ಓಕ್ ಆಲಿ ಎಂಬ ಮನೆಗೆ ಸುತ್ತಲೂ 28 ಭಾರಿ ಕಂಬಗಳು, ಒಳಗೆ ಇಟ್ಟಿಗೆ, ಮೇಲೆ ಗಾರೆ. ಕಂಬದ ಹಿಂದಿನ ಅಗಲವಾದ ಜಗಲಿ ಬಿಸಿಲಿಗೆ ಒಳ್ಳೆಯ ತಡೆ, ಇದನ್ನು ಒಪ್ಪಬೇಕು. ಆದರೆ ಕಬ್ಬಿನ ತೋಟದ ಒಡೆಯನ ಆ ಮನೆಯನ್ನು ಎಬ್ಬಿಸಿದವರು ಗುಲಾಮರು. ಅವರ ಗುಡಿಸಲುಗಳ ಸಾಲು ದೊಡ್ಡ ಮನೆಯ ಹಿಂದಿತ್ತು. ಮುಂದಿನಿಂದ ತೆಗೆದ ಚಿತ್ರಪಟದಲ್ಲಿ ಅದು ಸಿಕ್ಕುವುದಿಲ್ಲ. ಹೊರಮೈಯನ್ನು ಓದುವವನು ಹಿತ್ತಿಲಿಗೂ ಒಂದು ಸುತ್ತು ಹೋಗಿಬರಬೇಕು.

ಮುಂದೆ ಯಂತ್ರದ ಗರಗಸ, ಅಗ್ಗದ ಮೊಳೆ, ರೈಲು ಬಂದವು. 1880ರ ಸುಮಾರಿನ ‘ಕ್ವೀನ್ ಆನ್’ ಮನೆಗೆ ಮೂಲೆಯಲ್ಲಿ ಗೋಪುರ, ಜಾಲರಿ ಕೆತ್ತನೆ, ಸುತ್ತುವ ಜಗಲಿ. ಮದುವೆಮನೆಯ ಅಲಂಕಾರ!

ಅದಕ್ಕೆ ಬೇಸತ್ತವರಿಗೆ ಒದಗಿದ್ದು ನಮ್ಮ ದೇಶದ್ದೇ ಮಾತು. ಬಂಗಾಳದ ತಗ್ಗು ಮಾಡಿನ ಗುಡಿಸಲಿನಿಂದ ಇಂಗ್ಲಿಷರು ‘ಬಂಗಲೋ’ ಪದವನ್ನು ಪಡೆದರು. ಅದು ಕ್ಯಾಲಿಫೋರ್ನಿಯ ಮುಟ್ಟಿತು. ತಗ್ಗಾದ ಮಾಡು, ಮುಂಚಾಚಿದ ಸೂರು, ಮರೆಮಾಚದ ತೊಲೆತುದಿಗಳು, ಮೇಲೆ ಹೋದಂತೆ ಸಣ್ಣದಾಗುವ ಗಿಡ್ಡ ಕಂಬಗಳು ಇದರ ಲಕ್ಷಣ. ಪಸಾಡೀನ ಊರಿನಲ್ಲಿ ಗ್ರೀನ್ ಸೋದರರು 1908ರಲ್ಲಿ ಕಟ್ಟಿಸಿದ ಗ್ಯಾಂಬಲ್ ಮನೆ ಈ ಬಗೆಯಲ್ಲಿ ಶ್ರೀಮಂತವಾದದ್ದು. ಆದರೆ ಅದೇ ವರ್ಷದಿಂದ 1940ರ ವರೆಗೆ ಸಿಯರ್ಸ್ ಕಂಪನಿ ಅಂಚೆಯ ಕ್ಯಾಟಲಾಗಿನ ಮೂಲಕ ಮನೆಗಳನ್ನೇ ಮಾರಿತು. ಮರಮುಟ್ಟು ರೈಲಿನಲ್ಲಿ ಬರುತ್ತಿತ್ತು. ಮುಂಬಯಿ, ಪುಣೆಗಳಲ್ಲಿ ‘ಬಂಗಲೆ’ ಎಂದರೆ ಸಾಹುಕಾರನ ನಿವಾಸ. ಅಮೆರಿಕದಲ್ಲಿ ಅದು ಸಂಬಳದ ಮನುಷ್ಯನ ಮೊದಲ ಸ್ವಂತ ಮನೆಯಾಯಿತು.